ಸೋಮವಾರದ ಮೂರು ಗುಳಿಗೆ

ತಮಿಳುನಾಡಿನ ನೆಲದ ಮೇಲೆ ಕುಳಿತು ಊಟಕ್ಕೆ ಕೈ ಹಾಕಿದ ಮೊದಲ ದಿನ ನನಗೆ ಸಿಕ್ಕ ಮೊದಲ ಅಪ್ಪಣೆ ಅಗಿಯಬೇಡ ಎಂಬುದು. ಎದುರಿಗೆ ಅಗಲವಾದ ತಟ್ಟೆ, ಅದರಲ್ಲಿ ಕೂಸಿನ ತಲೆಯಷ್ಟು ದಪ್ಪದ ರಾಗಿಮುದ್ದೆ, ಸುತ್ತಲೂ ಅವರೆಕಾಳಿನ ಸಾರು. ನಾನು ಇಳಕಲ್ಲಿನವಳು. ಖಡಕ್ ಜೋಳದ ರೊಟ್ಟಿ ಕಟುಮ್ ಎನಿಸಿ ದವಡೆ ಗಟ್ಟಿ ಮಾಡಿಕೊಂಡವಳು. ದೇವರು ಹಲ್ಲು ಕೊಟ್ಟಿರುವುದೇ ಅಗಿಯುವುದಕ್ಕೆಂದು ನಂಬಿದ್ದವಳು. ಮುದ್ದೆಯನ್ನು ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಅದು ಹಲ್ಲಿಗೆ ಮೆತ್ತಿಕೊಂಡು ನನ್ನ ಬಾಯಿಯೇ ಮುಚ್ಚಿಹೋಯಿತು.

"ಅಯ್ಯೋ, ಅಗೀಬ್ಯಾಡ ಕಣಮ್ಮಿ! ಇಟ್ಟ ಯಾರಾರೂ ಅಗ್ದಾರಾ? ಸಾರ್ಗೆ ಅದ್ದಿ ನುಂಗು" ಎಂದು ಮನೆಯೊಡತಿ ಮಲ್ಲಾಜಮ್ಮ ಎದೆ ಬಡಿದುಕೊಂಡರು. ಇಟ್ಟು ಅಂದರೆ ಹಿಟ್ಟು, ಅಂದರೆ ಮುದ್ದೆ. ಇಲ್ಲಿಯವರು ಹಕಾರವನ್ನು ಮಾತಿನಲ್ಲಿ ಅಷ್ಟಾಗಿ ಖರ್ಚು ಮಾಡುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೊಲ ಒಲವಾಗುತ್ತದೆ. ನಾನು ಕಣ್ಣು ಮುಚ್ಚಿ ನುಂಗಿದೆ. ಗಂಟಲಲ್ಲಿ ಇಳಿಯುತ್ತಿದ್ದುದು ಹೊರಗಿನಿಂದಲೂ ಕಾಣುತ್ತಿತ್ತೆಂದು ನಮ್ಮವರು ಆಮೇಲೆ ಹೇಳಿದರು.

ನಮ್ಮವರಿಗೆ ಕಲ್ಲಿನ ಕೆಲಸ. ಇಳಕಲ್ಲಿನ ಕೆಂಪು ಕಲ್ಲಿನ ಗಣಿಗಳಲ್ಲಿ ಮೇಸ್ತ್ರಿಯಾಗಿದ್ದವರನ್ನು, ತಾಳವಾಡಿಯ ಬೆಟ್ಟಸೀಮೆಯಲ್ಲಿ ಕರಿಕಲ್ಲು ತೆಗೆಯುವವರೊಬ್ಬರು ಕರೆಸಿಕೊಂಡರು. ಎಂಬತ್ತರ ದಶಕದ ನಡುವಿನ ಮಾತು. ಮಗಳ ಮದುವೆಯಾಗಿತ್ತು, ಮೊಮ್ಮಗ ಹುಟ್ಟಿದ್ದ, ನನ್ನನ್ನು ಊರಿನಲ್ಲಿ ಹಿಡಿದಿಡುವಂಥದು ಏನೂ ಇರಲಿಲ್ಲ. ಹಂಚು, ಟ್ರಂಕು, ಎರಡು ಚೀಲ ಬಿಳಿಜೋಳ ಹೊತ್ತುಕೊಂಡು ತಾಳವಾಡಿಯ ಪಕ್ಕದ ಪಣಕಹಳ್ಳಿಗೆ ಬಂದೆವು. ದಾರಿಯುದ್ದಕ್ಕೂ ನಮ್ಮವರು ನನಗೆ ತಮಿಳು ಕಲಿಸಿದರು. ತಣ್ಣಿ ಅಂದರೆ ನೀರು ಎಂಬಲ್ಲಿಗೆ ಪಾಠ ಮುಗಿದಿತ್ತು. ತಾಳವಾಡಿಯಲ್ಲಿ ಬಸ್ಸಿಳಿದ ಕೂಡಲೇ ಒಬ್ಬ ಹೆಂಗಸಿನ ಹತ್ತಿರ ಹೋಗಿ ಧೈರ್ಯವಾಗಿ "ತಣ್ಣಿ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವ, ನೀರು ಅನ್ನಕೆ ಬರಕಿಲ್ವಾ?" ಎಂದಳು.

ನೀವು ಇಳಕಲ್ಲಿನಲ್ಲಿ ಕುಳಿತು ಈ ಊರನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಅಂಗಡಿಯ ಬೋರ್ಡು ತಮಿಳು, ಅಂಗಡಿಯವನ ಬಾಯಿ ಕನ್ನಡ. ಬಸ್ಸಿನ ಹಣೆಯ ಮೇಲೆ ತಮಿಳು, ಒಳಗಿನ ಜಗಳ ಕನ್ನಡ. ಕಚೇರಿಗೆ ಹೋದರೆ ಮಾತ್ರ ಮಾತಿಗೆ ಬೇರೆ ಅಂಗಿ ತೊಡಿಸಬೇಕು. ಅಲ್ಲಿ ಅರ್ಜಿಗೆ ಮನು ಎನ್ನುತ್ತಾರೆ. ಒಂದು ಮನು ಕೊಡಿ ಎಂದಾಗ ನಾನು ಯಾವುದೋ ಋಷಿಯ ಪಟ ಕೇಳುತ್ತಿದ್ದಾರೆಂದುಕೊಂಡೆ. ನಮ್ಮಲ್ಲಿ ಮಾಳಿಗೆ ಮನೆ, ಬಿಸಿಲಿಗೆ ಕಾದ ಕಲ್ಲು. ಇಲ್ಲಿ ಹೆಂಚಿನ ಮನೆ, ಬೆಳಗಾದರೆ ಹೊದಿಕೆಯೊಳಗೂ ನುಗ್ಗುವ ಚಳಿ. ನಮ್ಮಲ್ಲಿ ಎಲ್ಲರಿಗೂ ರೀ ಹಚ್ಚಿ ಮಾತಾಡುತ್ತೇವೆ. ನಾನು ಅಭ್ಯಾಸಬಲದಿಂದ ದಾರಿಗೆ ಅಡ್ಡ ನಿಂತಿದ್ದ ಮಲ್ಲಾಜಮ್ಮನ ಎಮ್ಮೆಗೂ "ಸರೀರೀ" ಎಂದುಬಿಟ್ಟೆ. ಆ ಸುದ್ದಿ ಸಂಜೆಯೊಳಗೆ ಊರು ಸುತ್ತಿತು, ಒಂದು ವಾರ ಬೀದಿಯ ಹೆಂಗಸರೆಲ್ಲ ಎಮ್ಮೆಯನ್ನು ಬಹುವಚನದಲ್ಲಿ ಮಾತಾಡಿಸಿದರು.

ನನ್ನ ಮಾನ ಉಳಿಸಿದ್ದು ರೊಟ್ಟಿ. ಇಲ್ಲಿಯವರು ಜೋಳದ ರೊಟ್ಟಿ ಕಂಡವರಲ್ಲವೆಂದಲ್ಲ. ಆದರೆ ಎರಡೂ ಅಂಗೈಯಲ್ಲಿ ಪಟಪಟ ಬಡಿದು, ಕಾಗದದಷ್ಟು ತೆಳ್ಳಗೆ ಮಾಡಿ, ಹರಿಯದಂತೆ ಹಂಚಿನ ಮೇಲೆ ಹಾರಿಸುವುದನ್ನು ಅವರು ನೋಡಿರಲಿಲ್ಲ. ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕುಳಿತರೆ ಬಾಗಿಲಲ್ಲಿ ನಾಲ್ಕು ತಲೆ ಕಾಣುತ್ತಿದ್ದವು. ನನ್ನ ಹೆಸರು ಶಾಂತವ್ವ ಎಂಬುದನ್ನು ಮರೆತು ಎಲ್ಲರೂ ರೊಟ್ಟಿಯಮ್ಮ ಎಂದು ಕರೆಯತೊಡಗಿದರು. ಪರವೂರಿನಲ್ಲಿ ಒಬ್ಬಳಿಗೆ ಒಂದು ಹೆಸರು ಸಿಕ್ಕಿತೆಂದರೆ ಅರ್ಧ ಮನೆ ಸಿಕ್ಕಿದಂತೆ. ನನಗೆ ತುಂಬಾ ಖುಷಿಯಾಗಿತ್ತು.

ಆ ಕೈಗಳೇ ಕೈಕೊಟ್ಟವು. ಎರಡನೆಯ ವರ್ಷದ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಗೆಣ್ಣುಗಳು ಊದಿಕೊಂಡು ಕೆಂಪಾಗುತ್ತಿದ್ದವು. ಹಿಟ್ಟು ನಾದಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು. ಬಡಿದ ರೊಟ್ಟಿ ಊಟದ ಗಂಗಾಳದಷ್ಟಾಗುವ ಬದಲು ಅಂಗೈಯಷ್ಟಾಗಿ, ಅಲ್ಲೇ ಹರಿದು ಬೀಳುತ್ತಿತ್ತು. ಬಾಗಿಲಲ್ಲಿ ತಲೆಗಳು ಕಡಿಮೆಯಾದವು. ಸೆರಗಿನ ಗಂಟು ಬಿಚ್ಚಲು ನಮ್ಮವರನ್ನು ಕರೆಯಬೇಕಾದ ದಿನ ನಾನು ಅತ್ತುಬಿಟ್ಟೆ.

ಮಲ್ಲಾಜಮ್ಮನಿಂದ ಹಿಡಿದು ಬೀದಿಯ ಕೊನೆಯ ಮನೆಯವರೆಗೆ ಎಲ್ಲರೂ ವೈದ್ಯರಾದರು. ಒಬ್ಬರು ಹರಳೆಣ್ಣೆ ತಿಕ್ಕಿದರು. ಒಬ್ಬರು ಎಕ್ಕದ ಎಲೆ ಕಾಯಿಸಿ ಕಟ್ಟಿದರು. ಒಬ್ಬರು ಬದನೆಕಾಯಿ ಬಿಡಿಸಿದರು, ಇನ್ನೊಬ್ಬರು ಬಂದು ಆಲೂಗಡ್ಡೆ ಬಿಡಿಸಿದರು, ಮತ್ತೊಬ್ಬರು ಮೊಸರು ಬಿಡಿಸಿದರು. ಕೊನೆಗೆ ನನಗೆ ಉಳಿದದ್ದು ಮುದ್ದೆ ಮತ್ತು ಉಪ್ಪು. "ಬೆಟ್ಟದ ಸೀತ ಕಣಮ್ಮಿ, ಮೂಳ್ಗೆ ಓಗದೆ" ಎಂದು ಮಲ್ಲಾಜಮ್ಮ ನನ್ನ ಕೈಗಳನ್ನು ಬಿಸಿ ಉಪ್ಪಿನ ಗಂಟಿನಡಿ ಅದುಮಿ ಹಿಡಿಯುತ್ತಿದ್ದರು. ಪ್ರೀತಿ ಅಪಾರವಾಗಿತ್ತು, ಬೊಬ್ಬೆಯೂ ಬಂದಿತ್ತು.

ಆ ದೀಪಾವಳಿಗೆ ನನ್ನ ಅಣ್ಣ ಬಸಣ್ಣ ಇಳಕಲ್ಲಿನಿಂದ ಬಂದ. ಅವನಿಗೆ ಅಲ್ಲಿ ಸೀರೆ ಅಂಗಡಿ. ತಂದ ಹೊಸ ಸೀರೆಯನ್ನು ನನ್ನ ಕೈಗಿತ್ತ, ನಾನು ಹಿಡಿಯಲಾರದೆ ಕೆಳಗೆ ಬೀಳಿಸಿದೆ. ಅವನ ಮುಖ ಸಣ್ಣದಾಯಿತು.

"ಯುಗಾದಿ ತನಕ ನೋಡ್ತೀನಿ ತಂಗಿ. ಅಷ್ಟರಾಗ ಕೈ ನೆಟ್ಟಗಾಗಲಿಲ್ಲಂದ್ರ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಮಾವಾರು ಬೇಕಾದ್ರ ಇಲ್ಲೇ ಇರ್ಲಿ" ಎಂದ.

ಅಣ್ಣನ ಮಾತು ಪ್ರೀತಿಯದೇ. ಆದರೆ ಅತ್ತಿಗೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲಾರದ ನಾದಿನಿಯಾಗಿ ಮೂಲೆಯಲ್ಲಿ ಕೂರುವುದನ್ನು ನೆನೆಸಿಕೊಂಡರೆ ನನ್ನ ಜೀವ ಹಿಂಡುತ್ತಿತ್ತು. ಗಂಡ ಇಲ್ಲಿ, ನಾನಲ್ಲಿ ಆಗುವುದೂ ಬೇಡವಾಗಿತ್ತು. ಹೇಗಾದರೂ ಯುಗಾದಿಯೊಳಗೆ ಕೈ ಗುಣವಾಗಬೇಕು ಎಂದು ನಮ್ಮವರು ಮರುವಾರವೇ ನನ್ನನ್ನು ಮೈಸೂರಿಗೆ ಕರೆದೊಯ್ದರು.

ಮೈಸೂರಿನ ಡಾಕ್ಟರು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಚಳಿಯೂ ಅಲ್ಲ, ಬದನೆಕಾಯಿಯೂ ಅಲ್ಲ ಎಂದರು. ರೋಗಗಳಿಂದ ಕಾಯಲೆಂದು ಮೈಯೊಳಗೆ ಒಂದು ಕಾವಲು ಇರುತ್ತದಂತೆ. ನನ್ನ ಕಾವಲಿಗೆ ತಲೆ ಕೆಟ್ಟು, ಕಳ್ಳರನ್ನು ಬಿಟ್ಟು ಮನೆಯವರನ್ನೇ ಬಡಿಯುತ್ತಿದೆಯಂತೆ. ನನಗೆ ತಕ್ಷಣ ಅರ್ಥವಾಯಿತು. ಹಿಂದಿನ ತಿಂಗಳಷ್ಟೇ ಮಲ್ಲಾಜಮ್ಮನ ಯಜಮಾನರು ರಾಗಿ ಹೊಲದ ಅಟ್ಟಣೆಯ ಮೇಲೆ ಹಂದಿ ಕಾಯುತ್ತಾ ಕುಳಿತಿದ್ದವರು, ಕತ್ತಲಲ್ಲಿ ಸದ್ದಾಯಿತೆಂದು ಕವಣೆ ಬೀಸಿ ಸ್ವಂತ ಎತ್ತಿನ ಕೊಂಬು ಮುರಿದಿದ್ದರು. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಕ್ಕು, ಹಾಗೆಂದು ಕಾವಲುಗಾರನನ್ನು ಕೊಲ್ಲುವ ಹಾಗಿಲ್ಲ, ಸ್ವಲ್ಪ ತೂಕಡಿಸುವಂತೆ ಮಾಡಬೇಕು, ಅಷ್ಟೇ ಎಂದರು.

ಅದಕ್ಕೆ ಕೊಟ್ಟ ಔಷಧದ ಹೆಸರು ಮೆಥೋಟ್ರೆಕ್ಸೇಟ್. ನನ್ನ ನಾಲಿಗೆ ಇವತ್ತಿಗೂ ಅದನ್ನು ಪೂರ್ತಿ ಹೇಳುವುದಿಲ್ಲ. ದೊಡ್ಡ ದೊಡ್ಡ ಕಾಯಿಲೆಗಳಿಗೆ ಇದನ್ನೇ ಹೆಚ್ಚು ಹೆಚ್ಚು ಕೊಡುತ್ತಾರಂತೆ. ಕೀಲಿನ ಈ ರೋಗಕ್ಕೆ ತೀರಾ ಕಡಿಮೆ ಸಾಕು ಎಂಬುದು ಆಗ ಹೊಸದಾಗಿ ರೂಢಿಗೆ ಬರುತ್ತಿತ್ತು. ಸಾಸಿವೆಗಿಂತ ಒಂಚೂರು ದೊಡ್ಡದಾದ ಹಳದಿ ಗುಳಿಗೆ, ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, ಮೂರು. ಹೆರಿಗೆಯ ವಯಸ್ಸು ದಾಟಿದೆಯೇ ಎಂದು ಕೇಳಿದರು. ಮೊಮ್ಮಗನಿಗೆ ಹಲ್ಲು ಬಂದಿದೆ ಎಂದೆ. ಆಮೇಲೆ ಡಾಕ್ಟರು ಕನ್ನಡಕ ತೆಗೆದು, ಇದನ್ನು ದಿನಾ ತೆಗೆದುಕೊಂಡರೆ ಔಷಧವಲ್ಲ, ವಿಷ, ಮರೆಯದಂಥ ಒಂದು ವಾರ ಹೇಳಿ ಎಂದರು. ಶಿವಭಕ್ತರ ಮನೆಯವಳು ಯಾವ ವಾರ ಹೇಳಿಯಾಳು? ಸೋಮವಾರ ಎಂದೆ.

ಊರಿಗೆ ಬಂದು ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಪಥ್ಯ ಶುರುವಾಗುತ್ತದೆ, ಉಳಿದಿದ್ದ ಉಪ್ಪನ್ನೂ ಬಿಡಿಸುತ್ತಾರೆ ಎಂಬ ಭಯ. ಅಲ್ಲದೆ ಇಲ್ಲಿ ಔಷಧಕ್ಕೂ ಒಂದು ಘನತೆ ಬೇಕು. ಚುಚ್ಚುಮದ್ದು ಹಾಕಿ, ಅದು ಎರಡು ದಿನ ನೋಯಿಸಿದರೆ ಅವರು ಒಳ್ಳೆಯ ಡಾಕ್ಟರು. ಮೈಸೂರಿನವರೆಗೆ ಹೋಗಿ ಸಾಸಿವೆಯಷ್ಟು ಗುಳಿಗೆ ತಂದೆನೆಂದರೆ ನನ್ನನ್ನು ನೋಡಿ ನಗುತ್ತಿದ್ದರು. ಇರುವೆ ಮುತ್ತದಿರಲಿ, ಮರೆತೂ ಹೋಗದಿರಲಿ ಎಂದು ಸೀಸೆಯನ್ನು ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟೆ.

ಪ್ರತಿ ಸೋಮವಾರ ಸಂಜೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಎರಡು ತುತ್ತು ಉಂಡು, ಗೂಡಿನ ಮುಂದೆ ನಿಂತು ಮೂರು ಗುಳಿಗೆ ನುಂಗುತ್ತಿದ್ದೆ. ನುಂಗುವಾಗ ಕಣ್ಣು ಮುಚ್ಚುತ್ತಿದ್ದೆ, ಏಕೆಂದರೆ ಮರುದಿನ ಆಗುವ ಸಂಕಟ ನೆನಪಾಗುತ್ತಿತ್ತು. ಮಂಗಳವಾರ ಹೊಟ್ಟೆ ತೊಳಸುತ್ತಿತ್ತು. ಅನ್ನದ ವಾಸನೆಗೇ ವಾಕರಿಕೆ. ಬಾಗಿಲು ಮುಂದೆ ಮಾಡಿಕೊಂಡು ಮಲಗಿಬಿಡುತ್ತಿದ್ದೆ, ಯಾರಾದರೂ ಊಟಕ್ಕೆ ಕರೆದರೆ ಇವತ್ತು ಉಣ್ಣೋದಿಲ್ಲ ಎನ್ನುತ್ತಿದ್ದೆ. ಬುಧವಾರ ಎದ್ದು ಏನೂ ಆಗದವಳಂತೆ ಕಸ ಗುಡಿಸುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ಕೂದಲು ಗಂಟು ಹಾಕಿಕೊಂಡೆ. ಹಾಕಿಕೊಂಡ ಮೇಲೆ ನೆನಪಾಯಿತು, ಎಷ್ಟೋ ತಿಂಗಳಿಂದ ಅದನ್ನು ನಮ್ಮವರೇ ಹಾಕುತ್ತಿದ್ದರು ಎಂದು. ಅವರು ಹಾಕುತ್ತಿದ್ದ ಗಂಟು ಕಲ್ಲು ಕಟ್ಟುವ ಹಗ್ಗದ ಗಂಟು, ಬಿಚ್ಚಲು ಇನ್ನೊಬ್ಬ ಮೇಸ್ತ್ರಿ ಬೇಕಾಗುತ್ತಿತ್ತು. ಓಡಿಹೋಗಿ ಹಿಟ್ಟು ಕಲಸಿದೆ. ಮೊದಲಿನಷ್ಟು ಅಗಲವಾಗದಿದ್ದರೂ ರೊಟ್ಟಿ ಹರಿಯದೆ ಹಂಚಿಗೆ ಬಿತ್ತು. ಸದ್ದು ಕೇಳಿ ಮಲ್ಲಾಜಮ್ಮ ಬಾಗಿಲಿಗೆ ಬಂದರು. ನನ್ನ ಕೈ ನೋಡಿದರು, ಗೂಡಿನ ಕಡೆ ನೋಡಿ ಕೈ ಮುಗಿದರು.

"ನಿನ್ನ ಸ್ವಾಮಾರ ಕೆಲ್ಸ ಮಾಡ್ತು ಬುಡು" ಎಂದರು.

ಸ್ವಾಮಾರ ಅಂದರೆ ಸೋಮವಾರ. ಎಲ್ಲರೂ ದೇವರ ದಯೆ ಎನ್ನುವ ಹಾಗೆ ಅಂದರೆಂದುಕೊಂಡು ನಾನೂ ಹೂಂ ಎಂದೆ. ಆ ಹೂಂ ಎಲ್ಲಿಗೆ ಹೋಗಿ ಮುಟ್ಟಿತೆಂಬುದು ತಿಳಿದದ್ದು ಕೆಲವು ವಾರಗಳ ಮೇಲೆ. ಒಂದು ಸೋಮವಾರ ಸಂಜೆ ಮಜ್ಜಿಗೆಗೆಂದು ಪಕ್ಕದ ಬೀದಿಯ ಸುಂದ್ರಮ್ಮನ ಮನೆಗೆ ಹೋದರೆ, ಅಲ್ಲಿ ಐದಾರು ಹೆಂಗಸರು ಸ್ನಾನ ಮಾಡಿ ಹಣೆ ತುಂಬಾ ವಿಭೂತಿ ಹಚ್ಚಿ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ಅಂಗೈಯಲ್ಲೂ ಮೂರು ಮೂರು ಕಡಲೆಬೇಳೆ. ಕಣ್ಣು ಮುಚ್ಚಿದರು, ಬೇಳೆ ಬಾಯಿಗೆ ಹಾಕಿಕೊಂಡರು, ಅಗಿಯದೆ ನುಂಗಿದರು. ಮುದ್ದೆ ನುಂಗಿದ ಗಂಟಲುಗಳು, ಒಬ್ಬರಿಗೂ ನೀರು ಬೇಕಾಗಲಿಲ್ಲ.

"ಏನ್ ಮಾಡಾಕತ್ತೀರಿ ಇದು?" ಎಂದೆ.

"ನಿನ್ನ ಮೂರ್ಕಾಳ್ ಸ್ವಾಮಾರ ಕಣಮ್ಮಿ" ಎಂದಳು ಸುಂದ್ರಮ್ಮ. "ಮಲ್ಲಾಜಮ್ಮ ಎಲ್ಲಾ ನೋಡವ್ರೆ. ಸ್ವಾಮಾರ ಮೂರ್ ಕಾಳು ನುಂಗೋದು, ಮಂಗಳಾರ ಉಪಾಸ ಇರೋದು. ನಿನ್ನ ಕೈ ಬಂದ್ವಲ್ಲ. ನಂಗೆ ಸೊಂಟ ಇಡ್ಕಂಡದೆ, ಇವ್ಳ್ಗೆ ತಲೆನೋವು. ಉತ್ತರದ ದ್ಯಾವ್ರು ಬಲ ಜಾಸ್ತಿ ಅಂತರೆ, ದಿಟವಾ?"

ಮೂರು ಎಲೆಯ ಬಿಲ್ವ, ಮೂರು ಗೆರೆಯ ವಿಭೂತಿ, ಮೂರು ಕಣ್ಣಿನ ಶಿವ. ಇವರ ಲೆಕ್ಕದಲ್ಲಿ ಮೂರು ಹಳದಿ ಕಾಳು ಇನ್ನೇನಾಗಿರಲು ಸಾಧ್ಯ? ನಗು ಬಂತು. ಹೇಳಿಬಿಡೋಣ ಎಂದುಕೊಂಡೆ. ಆದರೆ ತಲೆನೋವಿನವಳು ತನಗೆ ಈಗಾಗಲೇ ಅರ್ಧ ವಾಸಿ ಎಂದಳು. ಕಡಲೆಬೇಳೆಯಿಂದ ಯಾರಿಗೂ ಕೇಡಿಲ್ಲ, ಹೊಟ್ಟೆ ಸ್ವಲ್ಪ ಉಬ್ಬರಿಸಬಹುದು ಎಂದು ಸುಮ್ಮನೆ ಮಜ್ಜಿಗೆ ಹಿಡಿದು ಬಂದೆ.

ಮಲ್ಲಾಜಮ್ಮನಿಗೆ ಮಾತ್ರ ವಾಸಿಯಾಗಲಿಲ್ಲ. ಅವರದು ಮಂಡಿನೋವು. ವ್ರತವನ್ನು ಕಂಡುಹಿಡಿದ ತನಗೇ ಫಲವಿಲ್ಲ, ಸುಂದ್ರಮ್ಮನ ಸೊಂಟ ನೆಟ್ಟಗಾಯಿತು ಎಂಬ ಸಂಕಟ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಶಿವರಾತ್ರಿಗೆ ಇನ್ನೊಂದು ವಾರವಿದ್ದಾಗ, ಸೋಮವಾರ ಸಂಜೆ ನಾನು ಗೂಡಿನ ಸೀಸೆ ತೆಗೆದು ನೋಡಿದರೆ ತಳ ಕಾಣುತ್ತಿತ್ತು. ಮೊದಲು ನನ್ನ ಮೇಲೇ ಅನುಮಾನ ಬಂತು, ನಿದ್ದೆಗಣ್ಣಲ್ಲಿ ಎದ್ದು ನಾನೇ ನುಂಗಿದೆನೇ ಎಂದು. ಆಮೇಲೆ ನೆನಪಾಯಿತು. ಈ ಊರಿನಲ್ಲಿ ಇನ್ನೊಬ್ಬರ ಮನೆಯ ಸಕ್ಕರೆ ಮುಟ್ಟಿದರೆ ಕಳ್ಳತನ. ದೇವರ ಗೂಡಿನಿಂದ ವಿಭೂತಿಯನ್ನೋ ಹೂವನ್ನೋ ತೆಗೆದುಕೊಂಡರೆ ಅದು ಪ್ರಸಾದ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆ ನಾನು ನೀರಿಗೆ ಹೋಗಿದ್ದಾಗ ಮಲ್ಲಾಜಮ್ಮ ವಿಭೂತಿ ಬೇಕೆಂದು ಬಂದಿದ್ದರೆಂದು ನಮ್ಮವರು ಹೇಳಿದರು.

ಚಪ್ಪಲಿ ಮೆಟ್ಟದೆ ಓಡಿದೆ. ಮಲ್ಲಾಜಮ್ಮ ದೇವರ ಕೋಣೆಯಲ್ಲಿ ಮಣೆಯ ಮೇಲೆ ಕುಳಿತಿದ್ದರು. ಮುಂದೆ ಒಂದು ಬಿಲ್ವಪತ್ರೆ, ಅದರ ಮೂರು ಎಲೆಗಳ ಮೇಲೆ ಮೂರು ಹಳದಿ ಗುಳಿಗೆ, ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು ತುಂಬಾ ಉಳಿದವು.

"ಬಾ ಅಮ್ಮಿ. ಬ್ಯಾಳೇಲಿ ಏನೂ ಆಗ್ನಿಲ್ಲ. ನಮ್ಮೂರ್ ಬ್ಯಾಳೆ ಆ ದ್ಯಾವ್ರ್ಗೆ ಒಗ್ಗಿಲ್ಲ ಅಂತ ನಿಮ್ಮೂರ್ ಕಾಳೇ ತಕ್ಕಬಂದಿ. ಬೆಳಗ್ಗೆ ನಾನು ಮೂರ್ ನುಂಗ್ದಿ. ಈಗ ಮೂರು. ಸಿವರಾತ್ರಿ ತಂಕ ದಿನಾಲೂ ಇಡೀತೀನಿ. ನೀನು ವಾರಕ್ಕೊಂದ್ ಸಲ ಮಾಡಿಯೆ, ನಾನು ದಿನಾ ಮಾಡುದ್ರೆ ದ್ಯಾವ್ರು ಬಿರ್ನೆ ವಲೀತದೆ."

ಪತ್ರೆ ಎತ್ತಿಕೊಂಡ ಅಂಗೈ ಬಾಯಿಗೆ ಹೋಗುತ್ತಿತ್ತು. ನಾನು ಏನೂ ಯೋಚಿಸದೆ ಆ ಕೈಗೆ ಒಂದು ಏಟು ಕೊಟ್ಟೆ. ಬಿಲ್ವಪತ್ರೆ ಹಾರಿ ಗೋಡೆಗೆ ಬಿತ್ತು, ಗುಳಿಗೆಗಳು ಚೆಲ್ಲಾಪಿಲ್ಲಿಯಾದವು. ದೇವರ ಮುಂದೆ ಪತ್ರೆಯನ್ನು ಹೊಡೆದು ಕೆಡವಿದ ಹೆಂಗಸು ಆ ಊರಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

"ಸಿವಸಿವಾ! ಏನ್ ಮಾಡ್ಬುಟ್ಟೆ!"

"ಅಕ್ಕಾರ, ಅದು ದೇವರದಲ್ರೀ. ಗುಳಿಗಿ. ಮೈಸೂರು ಡಾಕ್ಟರು ಕೊಟ್ಟ ಔಷಧ. ದಿನಾ ನುಂಗಿದ್ರ ಜೀವಕ್ಕ ಕುತ್ತು" ಎಂದೆ. ಹಾಗೇ ನೆಲದ ಮೇಲೆ ಮಂಡಿಯೂರಿ ಗುಳಿಗೆ ಹುಡುಕತೊಡಗಿದೆ. ಎರಡು ಸಿಕ್ಕವು. ಮೂರನೆಯದು ಹಾಸುಗಲ್ಲಿನ ಸಂದಿಯಲ್ಲಿ ಸೇರಿಕೊಂಡಿತ್ತು, ಪೂಜೆಯ ಕಡ್ಡಿಯಿಂದ ಕೆದರಿ ತೆಗೆದೆ. ನಾನು ಕಾವಲುಗಾರನ ಕತೆ, ತೂಕಡಿಕೆಯ ಕತೆ, ಮಂಗಳವಾರದ ವಾಕರಿಕೆ ಎಲ್ಲವನ್ನೂ ಹೇಳಿ ಮುಗಿಸಿದೆ. ವ್ರತ ಸುಳ್ಳೆಂದು ಬೈಯುತ್ತಾರೆ, ಮನೆ ಖಾಲಿ ಮಾಡು ಎನ್ನುತ್ತಾರೆ ಎಂದು ಕಾದೆ.

"ನಿಂಗೆ ಕಾಯ್ಲೆ ಅಂತ ನಂಗ್ ಯಾಕ್ ಏಳ್ನಿಲ್ಲ?" ಎಂದರು.

ನಾನು ಹೆಕ್ಕಿದ ಗುಳಿಗೆಗಳನ್ನು ಬಟ್ಟಲಿಗೆ ಹಾಕಿದೆ.

"ನನ್ನ ಗರ್ಬಕೋಸ ತಗ್ಸಿದ್ದೂ ನಿಂಗೆ ಏಳಿವ್ನಿ. ನನ್ನ ಅತ್ತೆ ನಂಗೆ ಸೌದೇಲಿ ಒಡ್ದಿದ್ದೂ ಏಳಿವ್ನಿ. ನೀನು ಇಷ್ಟ್ ಉದ್ದದ ಮಾತ್ರೆ ಮುಚ್ಚಿಟ್ಟಿದ್ದೀಯೆ. ಮಂಗಳಾರ ಮಂಗಳಾರ ವಾಂತಿ ಮಾಡ್ಕಂಡು ಒಬ್ಳೇ ಬಿದ್ದಿದ್ಯಲ್ಲ, ನಾನು ಪಕ್ಕದ್ ಗೋಡೆ ಆಚೆ ಕುಂತ್ಕಂಡು ನಿನ್ನ ಉಪಾಸಕ್ಕೆ ಕೈ ಮುಗೀತಿದ್ನಲ್ಲೇ!" ಎಂದು ಅತ್ತರು. ಉದ್ದ ತೋರಿಸಲು ಅವರು ಚಾಚಿದ ಕೈ ಒಂದು ಮೊಳವಿತ್ತು. ಸಾಸಿವೆಯಷ್ಟು ಗುಳಿಗೆ ಅಷ್ಟು ಉದ್ದವಾದದ್ದು ಕಂಡು ನಾನೂ ಅಳುತ್ತಲೇ ನಕ್ಕೆ. ನಾಚಿಕೆಯೂ ಆಯಿತು, ಯಾರೋ ನನಗಾಗಿ ಹೀಗೆ ಅಳುವವರಿದ್ದಾರೆಂದು ಸುಖವೂ ಆಯಿತು.

ಮರುದಿನವೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಚಾಮರಾಜನಗರದಲ್ಲಿ ಬಸ್ಸು ಬದಲಿಸುವಾಗ ಅವರು, "ನಂಗೇನೂ ಆಗಿಲ್ಲ, ಒಂದ್ ಉಂಡೆ ಬೆಣ್ಣೆ ತಿಂದ್ರೆ ಎಲ್ಲಾ ಇಳ್ದೋಯ್ತದೆ" ಎಂದು ಹಟ ಹಿಡಿದರು. ಡಾಕ್ಟರು ಮೊದಲು ನನಗೆ ಬೈದರು, ಆಮೇಲೆ ಅವರಿಗೆ ಬೈದರು, ರಕ್ತ ಪರೀಕ್ಷೆ ಮಾಡಿಸಿ ಒಂದು ಸಲಕ್ಕೆ ಏನೂ ತೊಂದರೆಯಿಲ್ಲ ಎಂದರು. ಮಂಡಿಯನ್ನು ಮಡಚಿ ನೋಡಿ, ಇದು ಸವೆತ, ಇವರ ಕಾವಲುಗಾರ ನೆಟ್ಟಗಿದ್ದಾನೆ, ಈ ಗುಳಿಗೆ ಇವರಿಗೆ ಬೇಕಾಗಿಲ್ಲ, ತೂಕ ಇಳಿಸಲಿ ಎಂದರು. ಮಲ್ಲಾಜಮ್ಮ ಕುರ್ಚಿಯಿಂದ ಏಳಲಿಲ್ಲ.

"ಅವ್ಳ್ಗೆ ಮಾತ್ರೆ ಕೊಟ್ಟು ನಂಗೆ ಬರೀ ಬುದ್ಧಿ ಏಳಿ ಕಳ್ಸೀಯಾ? ಒಂದ್ ಸೂಜಿನಾರ ಆಕಪ್ಪ" ಎಂದರು.

ಡಾಕ್ಟರು ಸೋತು, ಶಕ್ತಿ ಬರಲೆಂದು ಒಂದು ಚುಚ್ಚುಮದ್ದು ಕೊಡಿಸಿದರು. ಅದು ಎರಡು ದಿನ ನೋಯಿತು. ಒಳ್ಳೇ ಡಾಕ್ಟರು ಎಂದು ಮಲ್ಲಾಜಮ್ಮ ಊರೆಲ್ಲ ಹೇಳಿದರು.

ಮೂರು ಕಾಳಿನ ವ್ರತ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅದು ಔಷಧವೆಂದು ನಾನೇ ಮನೆಮನೆಗೆ ಹೋಗಿ ತಿಳಿಸಿದೆ. ಸುಂದ್ರಮ್ಮ, "ನಿಂದು ಮಾತ್ರೆ ಇರ್ಬೋದು, ನಂದು ಬ್ಯಾಳೆ. ನನ್ನ ಸೊಂಟ ಬಂದದಲ್ಲ" ಎಂದಳು.

ಗುಳಿಗೆಯ ಸೀಸೆಯನ್ನು ಮಲ್ಲಾಜಮ್ಮ ತಮ್ಮ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಸೊಂಟಕ್ಕೆ. ಸೋಮವಾರ ಸಂಜೆ ತಾವೇ ಬಂದು ನನ್ನ ಅಂಗೈಗೆ ಮೂರು ಹಾಕಿ, ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಿದ್ದರು. ಇನ್ನು ಯಾವ ವಾರ ನಾನು ಕಾಲಿಗೆ ಬಿದ್ದರೂ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ ಹಿಡಿದು ಬಂದು ನನ್ನ ಹಾಸಿಗೆಯ ಪಕ್ಕ ಕೂರುತ್ತಿದ್ದರು. ಅತ್ತೆಯ ಸೌದೆಯಿಂದ ಶುರುವಾದ ಕತೆ ಎತ್ತಿನ ಕೊಂಬಿನವರೆಗೆ ಬರುವಷ್ಟರಲ್ಲಿ ಸಂಕಟ ಇಳಿದಿರುತ್ತಿತ್ತು. ವಾಂತಿಯಾದರೆ ಅವರೇ ಬೋಸಿ ಹಿಡಿಯುತ್ತಿದ್ದರು. ನನ್ನ ತಾಯಿ ತೀರಿಹೋದ ಮೇಲೆ ನನ್ನ ಹಣೆ ಹಿಡಿದವರು ಯಾರೂ ಇರಲಿಲ್ಲ.

ಯುಗಾದಿಗೆ ಬಸಣ್ಣ ಬಂದ. ನಾನು ಅವನ ಮುಂದೆ ಕುಳಿತು ರೊಟ್ಟಿ ಬಡಿದೆ. ಅವನು ನನ್ನ ಕೈಯನ್ನೇ ನೋಡುತ್ತಾ ನಾಲ್ಕು ರೊಟ್ಟಿ ತಿಂದ, ಕಣ್ಣು ಒರೆಸಿಕೊಂಡ. ಗಂಡಾಂತರ ಕಳೆಯಿತು ಎಂದು ನಾನು ನೆಮ್ಮದಿಯಾಗಿದ್ದೆ.

"ಛಲೋ ಆತು. ನಡಿ ಹೋಗೂಣು" ಎಂದ.

"ಕೈ ನೆಟ್ಟಗಾಗ್ಯಾವಲ್ಲೋ ಅಣ್ಣಾ."

"ಅದಕ್ಕ ಅಂತೀನಿ. ಕೈ ಇಲ್ಲದಾಗ ಕರದ್ರ ನೀ ಬರಾಂಗಿಲ್ಲ, ನಿನ್ನ ಸ್ವಾಭಿಮಾನ ನನಗ ಗೊತ್ತೈತಿ. ಈಗ ಮರ್ಯಾದಿಲೆ ಬರಬಹುದು. ಮಾವಾರಿಗೆ ಅಲ್ಲೇ ಕೆಂಪು ಕಲ್ಲಿನ ಕೆಲಸ ಹಚ್ಚಿ ಕೊಡ್ತೀನಿ, ಮಾತಾಡೇನಿ. ನಿನ್ನ ಊರು, ನಿನ್ನ ಮಂದಿ. ಈ ಚಳಿಯಾಗ ಯಾಕ ಇರ್ತಿ?"

ಹೀಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೋಗದಿರಲು ನನ್ನಲ್ಲಿ ಒಂದು ಕಾರಣವೂ ಉಳಿದಿರಲಿಲ್ಲ. ನಮ್ಮವರು ನನ್ನ ಮುಖ ನೋಡಿದರು, ನೀನು ಹೇಳಿದಂತೆ ಎನ್ನುವ ಹಾಗೆ. ಇಳಕಲ್ಲಿನ ಓಣಿ, ಮಾಳಿಗೆಯ ಮೇಲೆ ಒಣಗುವ ಮೆಣಸಿನಕಾಯಿ, ಎಲ್ಲಿ ನೋಡಿದರೂ ರೀ ರೀ ಎನ್ನುವ ಮಂದಿ ಕಣ್ಣ ಮುಂದೆ ಬಂದು ಎದೆ ಎಳೆಯಿತು. ಹೂಂ ಎನ್ನಲು ಬಾಯಿ ತೆರೆದಿದ್ದೆ ಎಂದೇ ನನ್ನ ನೆನಪು.

ಮಲ್ಲಾಜಮ್ಮ ಬಾಗಿಲ ಪಟ್ಟಿಗೆ ಒರಗಿ ಎಲ್ಲವನ್ನೂ ಕೇಳುತ್ತಿದ್ದರು. ಸೊಂಟದ ಬೀಗದ ಕೈ ತೆಗೆದರು, ಮನೆಗೆ ಹೋದರು, ಸೀಸೆ ತಂದು ಬಸಣ್ಣನ ಮುಂದೆ ಇಟ್ಟರು.

"ಕರ್ಕಂಡ್ ಓಗಪ್ಪ. ನಿನ್ನ ತಂಗಿ, ನಾನು ಯಾರು ಬ್ಯಾಡ ಅನ್ನಕೆ. ಸ್ವಾಮಾರ ಮೂರು. ಬ್ಯಾರೆ ವಾರ ಅತ್ರೂ ಕೊಡಬ್ಯಾಡ."

"ಆತ್ರೀ, ನಾನೇ ಕೊಡ್ತೀನಿ" ಎಂದ ಬಸಣ್ಣ.

"ಕೊಡೋದು ಏನ್ ದೊಡ್ ಕೆಲ್ಸ, ಸುಂದ್ರಮ್ಮನ್ ಎಮ್ಮೆನೂ ಕೊಟ್ಟಾತು. ಅವ್ಳ ಮಂಗಳಾರ ಗೊತ್ತಾ ನಿಂಗೆ?"

ಅಣ್ಣ ಅವರನ್ನೂ ನನ್ನನ್ನೂ ನೋಡಿದ. ನಾನು ತೊಟ್ಟಿಲಲ್ಲಿದ್ದದ್ದು ಅವನಿಗೆ ಗೊತ್ತು. ಹಲಗೆ ಬಳಪ ಹಿಡಿದು ಶಾಲೆಗೆ ಹೋಗದೆ ಅಡಗಿ ಕುಳಿತದ್ದು ಗೊತ್ತು, ಮದುವೆಯ ದಿನ ಯಾವ ಸೀರೆ ಉಟ್ಟಿದ್ದೆ ಎಂಬುದೂ ಗೊತ್ತು, ಅದು ಅವನದೇ ಅಂಗಡಿಯದು. ಮಂಗಳವಾರ ಏನೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅವನು ಸೀಸೆಯನ್ನು ಎತ್ತಿ ಮಲ್ಲಾಜಮ್ಮನ ಕೈಗೇ ಕೊಟ್ಟ.

ಅಣ್ಣ ಬಸ್ಸು ಹತ್ತಿ ಹೋದದ್ದು ಸೋಮವಾರ. ಮರುದಿನ ಹೊಟ್ಟೆಯ ಸಂಕಟದ ಜೊತೆ ಇನ್ನೊಂದೂ ಸೇರಿಕೊಂಡು, ಹಾಸಿಗೆಯ ಮೇಲೆ ಹೊರಳಾಡುತ್ತಾ ನಮ್ಮೂರ ಮಾತಿನಲ್ಲಿ ಏನೇನೋ ಹಲುಬಿದೆ. ನನ್ನ ಊರಿಗೆ ಒಯ್ಯಿರಿ ಎಂದೆ, ಅವ್ವಾ ಎಂದೆ, ಅಣ್ಣನನ್ನು ಯಾಕೆ ಕಳಿಸಿದಿರಿ ಎಂದೆ. ಮಲ್ಲಾಜಮ್ಮ ನನ್ನ ಹಣೆ ಹಿಡಿದು ಬೋಸಿ ಮುಂದೆ ಮಾಡಿದರು.

"ಏನಂದ್ಯಮ್ಮಿ? ನಿಮ್ಮೂರ್ ಮಾತು ನಂಗ್ ತಿಳೀನಿಲ್ಲ."

"ಏನಿಲ್ರೀ" ಎಂದೆ.

"ಸರಿ ಬುಡು" ಎಂದರು. ಅವರಿಗೆ ಪ್ರತಿಯೊಂದು ಮಾತೂ ತಿಳಿದಿತ್ತು. ತಿಳಿದೂ ನನ್ನ ಹಣೆಯಿಂದ ಕೈ ತೆಗೆಯಲಿಲ್ಲ.